ಹುಲ್ಲು ಮುಟ್ಟದ ಕುದುರೆಗೆ ಮೈ ಹಿಡಿಸುವುದು ಹೇಗೆ?

ಎತ್ತು, ಹಸು, ಎಮ್ಮೆಗಳ ಮೇವಿನ ವಿಚಾರವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ಕುದುರೆಯ ವಿಚಾರ ಎರಡು ಮಾತು ಹೇಳೋಣ ಅಂತ ಬಂದಿದ್ದೇನೆ. "ಈಗಿನ ಕಾಲದಲ್ಲಿ ಕುದುರೆ ಯಾರ ಮನೇಲಿದೆ ಸ್ವಾಮಿ?" ಅಂತ ನಿಮ್ಮಲ್ಲಿ ಕೆಲವರು ನಗಬಹುದು. ನಿಜ, ಮೊದಲಿನಷ್ಟು ಇಲ್ಲ. ಆದರೂ ಮೈಸೂರಿನಲ್ಲಿ ಟಾಂಗಾ ಇನ್ನೂ ಓಡುತ್ತಿದೆ. ಉತ್ತರದ ಸೀಮೆಯಲ್ಲಿ ಕುರಿ ಹಿಂಡಿನೊಡನೆ ಊರೂರು ತಿರುಗುವ ಕುರುಬರ ಗಂಟುಮೂಟೆಯನ್ನು ತಟ್ಟು ಕುದುರೆ ಹೊರುತ್ತಿದೆ. ಮದುವೆಯ ಮೆರವಣಿಗೆಗೆ ಕುದುರೆ ಕಳಿಸಿ ಜೀವನ ಮಾಡುವವರೂ ಇದ್ದಾರೆ. ಅಂಥ ಮನೆಗಳಲ್ಲಿ ಕುದುರೆ ಸೊರಗಿತು ಅಂದರೆ ಮನೆಯ ಒಲೆಯೂ ಸೊರಗಿತು ಅಂತಲೇ ಅರ್ಥ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಅದರಿಂದ ನಿಮಗೆ ಬುದ್ಧಿ ಬಂದರೆ ನನಗೆ ಸಂತೋಷ.

ನಮ್ಮ ಅಪ್ಪನ ಜಟಕಾಕ್ಕೆ ಒಂದು ಹೆಣ್ಣು ಕುದುರೆ ಇತ್ತು. ವಯಸ್ಸು 20 ದಾಟಿತ್ತು. ಒಂದು ಬೇಸಗೆಯಲ್ಲಿ ಅದು ಹುಲ್ಲು ತಿನ್ನುವುದನ್ನೇ ಬಿಟ್ಟಿತು. ಗೋದಲಿಗೆ ಹಾಕಿದ ಹುಲ್ಲು ಹಾಗೆಯೇ ಇರುತ್ತಿತ್ತು. ಪಕ್ಕೆಲುಬು ಒಂದೊಂದಾಗಿ ಎಣಿಸುವಂತೆ ಕಂಡವು. ಅಪ್ಪ ಊರಿಗೆ ಹೋಗಿದ್ದಾಗ ನಾನೇ ಜಾಣತನ ಮಾಡಿದೆ. ಹುಲ್ಲು ಬೇಡವಾದರೆ ಹುರುಳಿಯನ್ನಾದರೂ ತಿನ್ನಲಿ, ಬೇಗ ಮೈ ಬಂದೀತು ಅಂತ ಎರಡರಷ್ಟು ಹುರುಳಿ ಇಟ್ಟೆ. ಅದು ಆಸೆಯಿಂದ ತಿಂದಿತು. ನಾನೂ ಹಿಗ್ಗಿದೆ. ನಾಲ್ಕನೆಯ ರಾತ್ರಿ ನೋಡಿ, ಕುದುರೆ ನೆಲ ಕೆರೆಯುತ್ತದೆ, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತದೆ, ಬಿದ್ದು ಹೊರಳುತ್ತದೆ, ಮೈಯೆಲ್ಲ ಬೆವರು. ಹೊಟ್ಟೆಶೂಲೆ! ಡಾಕ್ಟರು ಬಂದು ಬೆಳಗಿನ ಜಾವದ ತನಕ ಪಾಡುಪಟ್ಟರು. ಕುದುರೆ ಉಳಿಯಿತು. ಹುಲ್ಲು ಯಾಕೆ ಬಿಟ್ಟಿತು ಅನ್ನುವ ಗುಟ್ಟು ಮಾತ್ರ ಆಮೇಲೂ ತಿಳಿಯಲಿಲ್ಲ.

ಅದನ್ನು ಕಂಡುಹಿಡಿದವಳು ನಮ್ಮವ್ವ. ಲದ್ದಿ ಗುಡಿಸುತ್ತಿದ್ದವಳು ನನ್ನನ್ನು ಕೂಗಿದಳು. "ಇಲ್ಲಿ ನೋಡು ಮಗಾ, ಗೋದಲಿ ಹತ್ರ ಇದೇನು ಬಿದ್ದಿರೋದು?" ನೋಡಿದರೆ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು, ಜೊಲ್ಲಿನಲ್ಲಿ ನೆಂದು ಬೆರಳು ಗಾತ್ರಕ್ಕೆ ಬಿದ್ದಿದ್ದವು. ಬಾಯಿಗೆ ಬಂದ ತುತ್ತು ಹೊಟ್ಟೆಗೆ ಇಳಿಯುತ್ತಿರಲಿಲ್ಲ. ಕುದುರೆಗೆ ಹುಲ್ಲು ಬೇಡವಾಗಿರಲಿಲ್ಲ, ಅಗಿಯಲು ಆಗುತ್ತಿರಲಿಲ್ಲ. ಡಾಕ್ಟರು ಬಾಯಿ ತೆರೆದು ನೋಡಿದಾಗ ಹಲ್ಲಿನ ಅಂಚು ಕತ್ತಿಯಂತೆ ಮೊನಚಾಗಿ ಕೆನ್ನೆಯ ಒಳಭಾಗವನ್ನು ಹುಣ್ಣು ಮಾಡಿತ್ತು.

ಆದ್ದರಿಂದ ನಾನು ಹೇಳುವ ಮೊದಲನೆಯ ಮಾತು ಇದು. ಹುಲ್ಲು ಬಿಟ್ಟ ಕುದುರೆಗೆ ಬೇರೆ ಏನು ತಿನ್ನಿಸಲಿ ಅಂತ ಓಡಾಡುವ ಮುಂಚೆ, ಹುಲ್ಲು ಯಾಕೆ ಬಿಟ್ಟಿತು ಅಂತ ನೋಡಿ.

ಹಾಗಾದರೆ ಏನೇನು ನೋಡಬೇಕು? ಮೊದಲು ಹುಲ್ಲನ್ನೇ ನೋಡಿ. ಒಂದು ಹಿಡಿ ತೆಗೆದು ಮೂಸಿ. ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬೂದಿಯಂಥ ಧೂಳು ಎದ್ದರೆ, ಆ ಹುಲ್ಲು ಕುದುರೆಗೆ ಬೇಡ. ಮಳೆ ನೀರು ಇಳಿದ ಬಣವೆಯ ಹುಲ್ಲನ್ನು ದನ ತಿಂದಿತು ಅಂತ ಕುದುರೆಗೂ ಹಾಕಬಾರದು. ಬೂಷ್ಟು ಹಿಡಿದ ಹುಲ್ಲಿನಿಂದ ಕುದುರೆಗೆ ಕೆಮ್ಮು, ಉಬ್ಬಸ, ಹೊಟ್ಟೆಶೂಲೆ ಬರುತ್ತವೆ. ಬಲಿತು ಕಡ್ಡಿಯಾದ ಹುಲ್ಲನ್ನು ಎಳೆಯ ಕುದುರೆಯೂ ಮೂಸಿ ಬಿಡುತ್ತದೆ.

ಎರಡನೆಯದು ನೀರು. ನೀರು ಸಾಲದ ಕುದುರೆ ಒಣ ಹುಲ್ಲು ತಿನ್ನುವುದಿಲ್ಲ. ಕುದುರೆಗೆ ದಿನಕ್ಕೆ ಅದರ ಗಾತ್ರ, ಕೆಲಸ, ಬಿಸಿಲು ನೋಡಿಕೊಂಡು 20ರಿಂದ 40 ಲೀಟರು ನೀರು ಬೇಕು. ತೊಟ್ಟಿಯಲ್ಲಿ ನೀರಿದೆ ಅಂದರೆ ಸಾಲದು, ಪಾಚಿ ಕಟ್ಟಿದ ತೊಟ್ಟಿಯ ನೀರನ್ನು ಕುದುರೆ ಬೇಕಾದಷ್ಟು ಕುಡಿಯುವುದಿಲ್ಲ. ತೊಟ್ಟಿ ಉಜ್ಜಿ, ಹೊಸ ನೀರು ತುಂಬಿ.

ಮೂರನೆಯದು ಹಲ್ಲು. ಕುದುರೆಯ ಹಲ್ಲು ಒಸಡಿನಿಂದ ಕೊಂಚ ಕೊಂಚವೇ ಹೊರಗೆ ಬರುತ್ತಲೇ ಇರುತ್ತದೆ, ಮೇವು ಅಗಿದ ಹಾಗೆಲ್ಲ ಸವೆಯುತ್ತಲೇ ಇರುತ್ತದೆ. ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಹೀಗಾಗಿ ಮೇಲಿನ ಹಲ್ಲಿನ ಹೊರಗಿನ ಅಂಚೂ ಕೆಳಗಿನ ಹಲ್ಲಿನ ಒಳಗಿನ ಅಂಚೂ ಸವೆಯದೆ ಮೊನಚಾಗುತ್ತವೆ. ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತವೆ. ಹುಲ್ಲಿನ ಉಂಡೆ ಉಗುಳುವುದು, ತಲೆ ಓರೆ ಮಾಡಿ ಅಗಿಯುವುದು, ಬಾಯಿ ನಾರುವುದು, ಕಡಿವಾಣ ಹಾಕಲು ಹೋದರೆ ತಲೆ ಕೊಡವುವುದು, ಲದ್ದಿಯಲ್ಲಿ ಉದ್ದುದ್ದ ನಾರು, ಇಡೀ ಕಾಳು ಕಾಣುವುದು, ಇವೆಲ್ಲ ಹಲ್ಲಿನ ತೊಂದರೆಯ ಗುರುತು. ಪಶುವೈದ್ಯರು ಅರದಿಂದ ಉಜ್ಜಿ ಅಂಚನ್ನು ನಯ ಮಾಡುತ್ತಾರೆ. ವರ್ಷಕ್ಕೊಂದು ಸಲ ಹಲ್ಲು ತೋರಿಸುವುದು ಒಳ್ಳೆಯದು. ನೀವೇ ಕೈ ಹಾಕಿ ನೋಡಲು ಮಾತ್ರ ಹೋಗಬೇಡಿ, ಬೆರಳು ಹೋದೀತು.

ನಾಲ್ಕನೆಯದು ಹೊಟ್ಟೆಯ ಹುಳು ಮತ್ತು ಕಾಯಿಲೆ. ಚೆನ್ನಾಗಿ ತಿಂದರೂ ಮೈ ಹಿಡಿಯದಿದ್ದರೆ ಲದ್ದಿ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದ ಹುಳುವಿನ ಔಷಧ ಕೊಡಿ. ಬಿಟ್ಟು ಬಿಟ್ಟು ಜ್ವರ, ಕಾಲಿಗೂ ಹೊಟ್ಟೆಯ ಅಡಿಗೂ ಬಾವು, ದಿನೇ ದಿನೇ ಸೊರಗುವುದು ಕಂಡರೆ ಸರ್ರಾ ರೋಗ ಇರಬಹುದು. ಕಚ್ಚುವ ದೊಡ್ಡ ನೊಣಗಳು ಇದನ್ನು ಹರಡುತ್ತವೆ, ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಮೂಗಿನಿಂದ ಕೀವು ಸುರಿದು ಚರ್ಮದ ಮೇಲೆ ಗಂಟು ಎದ್ದು ಒಡೆದರೆ ಆ ಕುದುರೆಯನ್ನು ಬೇರೆ ಕಟ್ಟಿ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಅದು ಗ್ಲಾಂಡರ್ಸ್ ಇರಬಹುದು, ಮನುಷ್ಯರಿಗೂ ಅಂಟುವ ರೋಗ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನೊಂದು ಮಾತು. ಹುಲ್ಲು ಒಂದನ್ನೇ ಬಿಡುವುದು ಬೇರೆ, ಎಲ್ಲವನ್ನೂ ಬಿಡುವುದು ಬೇರೆ. ಒಂದು ಹಗಲು ರಾತ್ರಿ ಏನೂ ಮುಟ್ಟದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಅದರಲ್ಲೂ ತಟ್ಟು, ಕತ್ತೆ, ಗಬ್ಬದ ಕುದುರೆ ಉಪವಾಸ ಬಿದ್ದರೆ ಮೈಯ ಕೊಬ್ಬು ರಕ್ತಕ್ಕೆ ಇಳಿದು ಜೀವಕ್ಕೇ ಅಪಾಯ. ಕರ್ನಾಟಕದಲ್ಲಿ 1962 ಸಂಖ್ಯೆಗೆ ಫೋನು ಮಾಡಿದರೆ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗಬಾರದಷ್ಟೆ.

ಸರಿ, ಕಾರಣ ತಿಳಿಯಿತು, ಚಿಕಿತ್ಸೆಯೂ ಆಯಿತು ಅನ್ನಿ. ಮುದಿ ಕುದುರೆಗೆ ಸವೆದ ಹಲ್ಲು ಮತ್ತೆ ಬರುವುದಿಲ್ಲ. ಅಂಥದಕ್ಕೆ ಏನು ತಿನ್ನಿಸಬೇಕು?

ಕುದುರೆಯ ಹೊಟ್ಟೆ ದನದ ಹೊಟ್ಟೆಯಂತಲ್ಲ ಅನ್ನುವುದನ್ನು ಮೊದಲು ನೆನಪಿಡಿ. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಜಠರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು. ನಾರು ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಒಂದೇ ಸಲಕ್ಕೆ ಕಾಳು ಹೆಚ್ಚಾದರೆ ಅದು ಅರಗದೆ ಹಿಂದಿನ ಕರುಳಿಗೆ ಹೋಗಿ ಹುಳಿಯುತ್ತದೆ. ಆಗಲೇ ಹೊಟ್ಟೆಶೂಲೆ, ಆಗಲೇ ಗೊರಸಿನ ಒಳಗೆ ಉರಿ ಎದ್ದು ಕುಂಟು. ನಾನು ಮಾಡಿದ ತಪ್ಪು ಇದೇ. ಆದಕಾರಣ ನಾರಿನ ಮೇವನ್ನು ಪೂರ್ತಿ ಬಿಡಿಸಿ ಕಾಳಿನ ಮೇಲೆ ಕುದುರೆ ಸಾಕುವುದಕ್ಕೆ ಆಗುವುದಿಲ್ಲ. ಒಣ ಹುಲ್ಲು ಬೇಡವಾದರೆ ನಾರನ್ನು ಬೇರೆ ರೂಪದಲ್ಲಿ ಕೊಡಬೇಕು.

ಮೊದಲು ಸುಲಭದ ಉಪಾಯ. ಒಳ್ಳೆಯ ಮೆತ್ತನೆಯ ಹುಲ್ಲನ್ನು ಒಂದೆರಡು ಅಂಗುಲಕ್ಕೆ ಕತ್ತರಿಸಿ, ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಹಿಂಡಿ ಹಾಕಿ. ಧೂಳೂ ಹೋಗುತ್ತದೆ, ಅಗಿಯುವುದಕ್ಕೂ ಹದ. ಚೂರು ಉಪ್ಪು ನೀರು ಚಿಮುಕಿಸಿದರೆ ರುಚಿಗೆ ತಿಂದೀತು. ಉಳಿದ ನೆನೆದ ಹುಲ್ಲನ್ನು ಹೊತ್ತು ಮೀರಿದ ಮೇಲೆ ತೆಗೆದು ಹಾಕಿ, ನಮ್ಮ ಬಿಸಿಲಿಗೆ ಅದು ಬೇಗ ಹುಳಿಯುತ್ತದೆ. ಕುದುರೆ ನೆಲದಿಂದ ಮೇಯುವ ಪ್ರಾಣಿ. ಗೋದಲಿ ಎತ್ತರವಾಗಿದ್ದರೆ ತಗ್ಗಿಸಿ. ಜೋರಿನ ಕುದುರೆಯ ಪಕ್ಕ ಮುದಿಯದನ್ನು ಕಟ್ಟಿದ್ದರೆ ಬೇರೆ ಕಟ್ಟಿ, ಹೆದರಿಕೊಂಡೂ ಮೇವು ಬಿಡುತ್ತವೆ.

ಅದಕ್ಕೂ ಬಗ್ಗದಿದ್ದರೆ ಹಸಿ ಮೇವು. ಕುದುರೆಗೆ ಗರಿಕೆಯಂಥ ಹುಲ್ಲು ಇನ್ನೊಂದಿಲ್ಲ. ಬದುವಿನ ಮೇಲೆ, ಕಾಲುವೆ ದಂಡೆಯಲ್ಲಿ ಪುಕ್ಕಟೆ ಸಿಗುತ್ತದೆ. ಔಷಧ ಹೊಡೆದ ಹೊಲದ ಬದುವಿನದು ಮಾತ್ರ ಬೇಡ. ಕೊಯ್ದು ರಾಶಿ ಹಾಕಿ ಬಿಸಿಯೇರಿದ ಹುಲ್ಲೂ ಬೇಡ. ಲೂಸರ್ನ್ ಸೊಪ್ಪಿಗೆ ನಮ್ಮಲ್ಲಿ ಕುದುರೆ ಮೆಂತೆ ಅನ್ನುತ್ತಾರೆ, ಹೆಸರಿನಲ್ಲೇ ಕುದುರೆ ಇದೆ ನೋಡಿ. ಮೈ ಹಿಡಿಸುವುದಕ್ಕೆ ಅದು ಬಹಳ ಚೆನ್ನು. ಆದರೆ ಕೊಯ್ದ ಕೂಡಲೆ ಇಬ್ಬನಿಯೊಡನೆ ಹಾಕಿದರೆ ಹೊಟ್ಟೆ ಉಬ್ಬರಿಸೀತು. ಅರ್ಧ ದಿನ ಬಾಡಿಸಿ ಹಾಕಿ. ಬೂಷ್ಟು ಹಿಡಿಯದ ಕಡಲೆಕಾಯಿ ಬಳ್ಳಿಯನ್ನೂ ಮಣ್ಣು ಕೊಡವಿ, ಕತ್ತರಿಸಿ, ಕೊಂಚ ಕೊಂಚ ಕೊಡಬಹುದು. ಎಳೆಯ ಜೋಳದ ಪೈರು ಬೇಡ, ಅದರಲ್ಲಿ ವಿಷ ಉಂಟು.

ಈಗ ಲೆಕ್ಕ. ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ 2 ಪಾಲಿನಷ್ಟು ಒಣ ಪದಾರ್ಥ ಬೇಕು. ಹಾಗಾದರೆ ತೂಕ ತಿಳಿಯುವುದು ಹೇಗೆ? ತಕ್ಕಡಿ ಬೇಡ, ಅಳತೆಯ ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂಗೋಣಿನಿಂದ ಹಿಂಭಾಗದ ಮೂಳೆಯ ತುದಿಯ ತನಕ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚು ಕಡಿಮೆ ಕಿಲೋ ತೂಕ ಬರುತ್ತದೆ. ಸುತ್ತಳತೆ 140, ಉದ್ದ 130 ಇದ್ದ ತಟ್ಟು ಸುಮಾರು 215 ಕಿಲೋ ತೂಗುತ್ತದೆ. ಶಾಲೆಗೆ ಹೋಗುವ ಮಕ್ಕಳ ಕೈಲಿ ಲೆಕ್ಕ ಮಾಡಿಸಿ, ಅವರಿಗೂ ಅಭ್ಯಾಸವಾಗಲಿ.

ಈ ತಟ್ಟುವಿಗೆ ದಿನಕ್ಕೆ ಸುಮಾರು 4.3 ಕಿಲೋ ಒಣ ಪದಾರ್ಥ ಬೇಕಾಯಿತು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಒಂದು ಹೊರೆ ಹಾಕಿದ್ದೇನೆ ಅಂತ ಹೇಳಿದರೆ ಸಾಲದು. ಹೀಗೆ ಹಾಕಬಹುದು: ಹಸಿ ಗರಿಕೆ 10 ಕಿಲೋ, ಬಾಡಿಸಿದ ಕುದುರೆ ಮೆಂತೆ 3 ಕಿಲೋ, ಹುರುಳಿ ಅರ್ಧ ಕಿಲೋ, ಗೋಧಿ ಬೂಸಾ ಅರ್ಧ ಕಿಲೋ. ಇಷ್ಟರಲ್ಲಿ ಲೆಕ್ಕ ಸರಿಹೋಗುತ್ತದೆ. ಇದು ಒಂದು ಮಾದರಿ ಮಾತ್ರ. ಕೆಲಸ ಹೆಚ್ಚಿದ್ದರೆ, ಕುದುರೆ ದೊಡ್ಡದಿದ್ದರೆ ಇನ್ನೂ ಬೇಕು.

ತಾಯಂದಿರೇ, ಕುದುರೆಯ ಗಂಜಿಯನ್ನು ಮಾಡುವ ಬಗೆ ಕೇಳಿ. ಕಾಲು ಕಿಲೋ ಹುರುಳಿಯನ್ನು ಕಲ್ಲು ಮಣ್ಣು ಆರಿಸಿ, ರಾತ್ರಿ ನೆನೆ ಹಾಕಿ. ಬೆಳಗ್ಗೆ ಬೆರಳಲ್ಲಿ ಹಿಸುಕಿದರೆ ನುರಿಯುವ ಹಾಗೆ ಬೇಯಿಸಿ. ಹಸಿ ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಕಾಲು ಕಿಲೋ ಬೂಸಾ ಸೇರಿಸಿ, ನೀರು ಧಾರಾಳವಾಗಿ ಹಾಕಿ, ತೆಳ್ಳಗೆ ಕಲಸಿ. ಒಂದು ಚಮಚ ಉಪ್ಪು, ರುಚಿಗೆ ಒಂದು ಚೂರು ಬೆಲ್ಲ. ಉಗುರುಬೆಚ್ಚಗಿರುವಾಗ ಇಡಿ. ಸಂಜೆಗೂ ಹೀಗೆಯೇ ಒಂದು ಸಲ. ಒಣ ಬೂಸಾ ಹಾಗೆಯೇ ಹಾಕಬೇಡಿ, ಹಲ್ಲಿಲ್ಲದ ಕುದುರೆ ಗಬಗಬ ನುಂಗಿ ಗಂಟಲಿಗೆ ಕಟ್ಟಿಕೊಳ್ಳುತ್ತದೆ. ಮೂಗಿನಿಂದ ಮೇವು, ನೊರೆ ಬಂದರೆ ಅದೇ ಗುರುತು. ಆಗ ಏನೂ ತಿನ್ನಿಸದೆ, ಕುಡಿಸದೆ ಡಾಕ್ಟರನ್ನು ಕರೆಯಿರಿ. ಬೂಸಾ ಸಿಗುತ್ತದೆ ಅಂತ ಅದನ್ನೇ ಸುರಿಯುವುದೂ ತಪ್ಪು. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ತಿಂಗಳುಗಟ್ಟಲೆ ಅದೇ ಆದರೆ ಮೂಳೆ ಮೆತ್ತಗಾಗಿ ಮುಖ ಊದುತ್ತದೆ. ಕುದುರೆ ಮೆಂತೆಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಆದ್ದರಿಂದಲೇ ಎರಡನ್ನೂ ಜೊತೆ ಮಾಡಿದ್ದು.

ಇನ್ನೂ ಮೈ ಬೇಕಾದರೆ ಕಾಳು ಹೆಚ್ಚಿಸುವ ಬದಲು ಎಣ್ಣೆ ಕೊಡಿ. ಅಡಿಗೆಯ ಕಡಲೆಕಾಯಿ ಎಣ್ಣೆಯೇ ಆದೀತು. ಗಂಜಿಗೆ ಮೊದಲ ದಿನ ಒಂದು ದೊಡ್ಡ ಚಮಚ, ಆಮೇಲೆ ಕೊಂಚ ಕೊಂಚ ಏರಿಸುತ್ತ ಎರಡು ಮೂರು ವಾರದಲ್ಲಿ ದಿನಕ್ಕೆ 100 ಮಿಲಿಲೀಟರು. ಲದ್ದಿ ತೆಳುವಾದರೆ ಕಡಿಮೆ ಮಾಡಿ. ಬೋಂಡ ಕರಿದು ಉಳಿದ ಎಣ್ಣೆ, ಕಮಟು ಹಿಡಿದ ಎಣ್ಣೆ ಖಂಡಿತ ಬೇಡ. ಯಾವ ಹೊಸ ಮೇವನ್ನಾದರೂ ಏಕ್‌ದಂ ಬದಲಾಯಿಸಬೇಡಿ. ಹತ್ತು ದಿನ ಹಿಡಿಯಲಿ.

ಕೆಲವು ನಿಷೇಧಗಳಿವೆ, ಗಟ್ಟಿಯಾಗಿ ಮನಸ್ಸಿನಲ್ಲಿಡಿ. ಕೋಳಿಗೆ ತಂದ ಆಹಾರವನ್ನು ಕುದುರೆಗೆ ಎಂದೂ ಹಾಕಬೇಡಿ. ಕೋಳಿಗಳ ರೋಗಕ್ಕೆಂದು ಅದರಲ್ಲಿ ಬೆರೆಸುವ ಮೊನೆನ್ಸಿನ್ ಮುಂತಾದ ಔಷಧಗಳು ಕುದುರೆಯ ಗುಂಡಿಗೆಯನ್ನೇ ಕೆಡಿಸಿ ಕೊಲ್ಲುತ್ತವೆ. ದನದ ಸಿದ್ಧ ಆಹಾರದಲ್ಲೂ ಅದು ಇರಬಹುದು, ಯೂರಿಯಾವೂ ಇರಬಹುದು. ಚೀಲದ ಮೇಲೆ ಬರೆದಿದ್ದನ್ನು ಓದದೆ, ಡಾಕ್ಟರನ್ನು ಕೇಳದೆ ಹಾಕಬೇಡಿ. ಬೂಷ್ಟು ಹಿಡಿದ ಹಿಂಡಿ ಬೇಡ. ಹರಳು ಬೀಜ ಬಿದ್ದ ಕಸ ಗೋದಲಿಗೆ ಸೇರದಿರಲಿ. ಗೊರಸು ಬಿಸಿಯಾಗಿ ಕುಂಟುತ್ತಿರುವ ಕುದುರೆಗೆ ಕಾಳೂ ಬೇಡ, ಬೆಲ್ಲವೂ ಬೇಡ. ಕೆಲಸದಿಂದ ಬೆವರುತ್ತ ಬಂದ ಕುದುರೆಗೆ ತಕ್ಷಣ ಗಂಜಿ ಇಡಬೇಡಿ. ಒಂದು ಗಂಟೆ ಆರಲಿ.

ಪೂರಾ ಮೂಳೆ ಚಕ್ಕಳವಾದ ಕುದುರೆಯನ್ನು ಕೊಂಡು ತಂದಿದ್ದರೆ ಇನ್ನೂ ಎಚ್ಚರ. ಬಹಳ ದಿನ ಹಸಿದ ಹೊಟ್ಟೆಗೆ ಮೊದಲೇ ಕಾಳು ಬಿದ್ದರೆ ಜೀವ ಹೋಗಬಹುದು. ಮೊದಲ ಹತ್ತು ದಿನ ಮೆತ್ತನೆಯ ಸೊಪ್ಪು ಮೇವನ್ನು, ಬಾಡಿಸಿದ ಕುದುರೆ ಮೆಂತೆಯನ್ನು ದಿನಕ್ಕೆ ಆರು ಸಲ ಕೊಂಚ ಕೊಂಚವೇ ಡಾಕ್ಟರ ಸಲಹೆಯಂತೆ ಕೊಡಿ.

ಮೈ ಹಿಡಿಯುತ್ತಿದೆಯೋ ಇಲ್ಲವೋ ತಿಳಿಯಲು ಒಂದು ಹಗ್ಗ ಸಾಕು. ಎದೆಯ ಸುತ್ತ ಹಾಕಿ, ಕೂಡುವ ಕಡೆ ಗಂಟು ಹಾಕಿ, ಲಾಯದ ಗೂಟಕ್ಕೆ ನೇತು ಹಾಕಿ. ಹದಿನೈದು ದಿನಕ್ಕೊಮ್ಮೆ ಅದೇ ಹಗ್ಗ, ಅದೇ ಜಾಗ. ದಿನಾ ನೋಡುವ ಕಣ್ಣು ಮೋಸ ಹೋಗುತ್ತದೆ, ಹಗ್ಗ ಮೋಸ ಹೋಗುವುದಿಲ್ಲ. ಪಕ್ಕೆಲುಬು ಕಣ್ಣಿಗೆ ಕಾಣದೆ, ಅಂಗೈಯಿಂದ ಸವರಿದರೆ ಸಿಗುವ ಹಾಗಿದ್ದರೆ ಅದೇ ಹದ. ಅದಕ್ಕಿಂತ ಕೊಬ್ಬಿಸುವುದೂ ಒಳ್ಳೆಯದಲ್ಲ.

ನಮ್ಮ ಕುದುರೆಯ ಕತೆ ಏನಾಯಿತು ಅಂತೀರಾ? ಹಲ್ಲು ಉಜ್ಜಿಸಿದೆವು. ಅಪ್ಪ ಅದನ್ನು ಸಂತೆಗೆ ಹೊಡೆಯುವ ಮಾತಾಡಿದ್ದರು. ಅವ್ವ, "ಇಷ್ಟು ವರ್ಷ ನಮಗೆ ಅನ್ನ ಹಾಕೈತೆ, ಒಂದು ವರ್ಷ ನಾವು ಅದಕ್ಕೆ ಗಂಜಿ ಕಾಯಿಸಾಕಾಗಲ್ವ?" ಅಂದಳು. ದಿನಾ ಬೆಳಗ್ಗೆ ನಾನು ಗರಿಕೆ ಕೊಯ್ದು ತಂದೆ, ಅವ್ವ ಹುರುಳಿ ಬೇಯಿಸಿದಳು. ಮೊದಲ ತಿಂಗಳು ಹಗ್ಗದ ಗಂಟು ಕದಲಲೇ ಇಲ್ಲ. ನನಗೆ ನಿರಾಸೆಯಾಗಿತ್ತು. ಎರಡನೆಯ ತಿಂಗಳ ಕೊನೆಗೆ ಹಗ್ಗ ಎರಡು ಬೆರಳು ಸಾಲದೆ ಬಂತು. ಸಾಲದೆ ಬಂದದ್ದಕ್ಕೆ ಮನೆಯಲ್ಲಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಭಾರದ ಸವಾರಿಗೆ ಅದನ್ನು ಮತ್ತೆ ಹೂಡಲಿಲ್ಲ. ಸಂತೆಯ ದಿನ ಹಗುರವಾಗಿ ಎರಡು ಸುತ್ತು ಹೊಡೆಯಿತು. ಉಳಿದ ದಿನ ಬದುವಿನ ಮೇಲೆ ಮೇಯ್ದುಕೊಂಡಿತ್ತು.

ಕೊನೆಗೆ ಐದು ಮಾತು ನೆನಪಿಡಿ. ಮೊದಲು ಕಾರಣ ಹುಡುಕಿ. ಹಲ್ಲು ತೋರಿಸಿ. ನಾರನ್ನು ಹಸಿಯಾಗಿಯೋ ನೆನೆಸಿಯೋ ಕೊಡಿ, ಪೂರ್ತಿ ಬಿಡಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನಿಸಿ. ಹಗ್ಗ ಹಿಡಿದು ಅಳೆಯಿರಿ, ಆತುರಪಡಬೇಡಿ. ನಾಳೆ ಬೆಳಗ್ಗೆ ಲಾಯ ಗುಡಿಸುವಾಗ ಗೋದಲಿಯ ಕೆಳಗೆ ಒಂದು ಸಲ ಬಗ್ಗಿ ನೋಡಿ. ಅಲ್ಲಿ ಹುಲ್ಲಿನ ಉಂಡೆ ಬಿದ್ದಿದ್ದರೆ ನಿಮ್ಮ ಕುದುರೆ ನಿಮಗೆ ಏನೋ ಹೇಳುತ್ತಿದೆ ಅಂತ ತಿಳಿಯಿರಿ.